ಡಬ್ಬ ಬಿಚ್ಚದ ಹೀಟರು

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಬಾಗಿಲಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಇಪ್ಪತ್ತು ವರ್ಷದಿಂದ ಬಸ್ಸು ಓಡಿಸುವವನು. ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆಯಬೇಕು, ಪ್ರತಿ ಸಲವೂ ಚಳಿಗಾಳಿ ಟಿಕೆಟ್ಟಿಲ್ಲದೆ ಹತ್ತಿ ನೆಟ್ಟಗೆ ಅವನ ಕಿವಿಯೊಳಗೆ ಕೂರಬೇಕು. ಹೀಗಾಗಿ "ಬಾಗಿಲು ಹಾಕಿ" ಎಂಬುದು ಅವನ ಬಾಯಲ್ಲಿ ನಮಸ್ಕಾರಕ್ಕೂ ಮೊದಲು ಬರುತ್ತಿತ್ತು. ಡಾಕ್ಟರ ಹತ್ತಿರ ಹೋದರೂ ಮೊದಲು ಬಾಗಿಲು ಹಾಕಿಸಿ ಆಮೇಲೆ ನಾಲಿಗೆ ತೋರಿಸುತ್ತಿದ್ದ.

ಇಂಥವನಿಗೆ ಗಾಳಿ ನುಗ್ಗದ ಮನೆಯೊಂದನ್ನು ಕೈಯಾರೆ ಕಟ್ಟಬೇಕೆಂಬ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಕಟ್ಟಿಯೇಬಿಟ್ಟನಲ್ಲ, ಅದು ಆಶ್ಚರ್ಯ. ರಜೆಯ ದಿನಗಳನ್ನೆಲ್ಲ ಸುರಿದು ನಾಲ್ಕು ವರ್ಷ ಹೆಣಗಿದ. ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಮೊಳದಷ್ಟು ದಪ್ಪದ ಗೋಡೆ ಎಬ್ಬಿಸಿದ, ಒಳಗೂ ಹೊರಗೂ ಮಣ್ಣು ಮೆತ್ತಿದ. ಬಿಸಿಲು ಬರುವ ಕಡೆಗೆ ಮೂರು ಪದರ ಗಾಜಿನ ಕಿಟಕಿ. ಒಳಗಿನ ಹಳಸಲು ಗಾಳಿ ಹೊರಗೆ ಹೋಗುವ ಮುಂಚೆ ತನ್ನ ಬಿಸಿಯನ್ನು ಹೊಸ ಗಾಳಿಗೆ ದಾಟಿಸಿ ಹೋಗಲೆಂದು ಅಟ್ಟದ ಮೇಲೊಂದು ಯಂತ್ರ ಕೂರಿಸಿದ. ಅದಕ್ಕೆ ಉಸಿರುಪೆಟ್ಟಿಗೆ ಎಂದು ಹೆಸರಿಟ್ಟು ಮಗುವನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದ.

ಆ ನಾಲ್ಕು ವರ್ಷವೂ ಗಂಡ ಹೆಂಡತಿ ನಿವೇಶನದ ಮೂಲೆಯ ತಗಡಿನ ಶೆಡ್ಡಿನಲ್ಲೇ ಇದ್ದರು. ಹೆಂಡತಿ ಟೈಲರು. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಗೊತ್ತಿದ್ದವಳು, ಹಾಗಾಗಿ ಯಾರ ಜಂಬಕ್ಕೂ ಬೆರಗಾಗುತ್ತಿರಲಿಲ್ಲ. ಹಗಲು ಹೊಲಿದು, ಸಂಜೆ ಸೀರೆ ಎತ್ತಿಕಟ್ಟಿ ಗೋಡೆಯ ಮಣ್ಣು ತುಳಿದಳು. ಗಾರೆಯವರ ಕರಣೆ ಅವಳ ಕೈಗೆ ಒಗ್ಗಲಿಲ್ಲ. ಒಳಗೋಡೆಯನ್ನೆಲ್ಲ ಬರಿಯ ಅಂಗೈಯಲ್ಲೇ ಸವರಿದಳು.

ಅವರು ಹೊಸ ಮನೆಗೆ ಬಂದ ಮೊದಲ ದಿನವೇ ಬಾಮೈದ, ಅಂದರೆ ಹೆಂಡತಿಯ ತಮ್ಮ, ಒಂದು ದೊಡ್ಡ ಡಬ್ಬ ಹೊತ್ತು ತಂದ. ಪೇಟೆಯಲ್ಲಿ ಅವನದು ಹೀಟರು, ಫ್ಯಾನು ಮಾರುವ ಅಂಗಡಿ. ಅಂಗಡಿಯ ಮೇಲೆ ಎರಡು ಕೋಣೆ ಖಾಲಿ ಬಿದ್ದಿದ್ದವು.

"ಭಾವ, ಹುಲ್ಲಿನ ಮನೆ ಹಸುವಿಗೆ ಆಗ್ಬಹುದು, ನಮ್ಮಕ್ಕನಿಗೆ ಆಗಲ್ಲ. ಚಳಿಗಾಲಕ್ಕೆ ಈ ಹೀಟರ್ ಇಟ್ಕೊಳ್ಳಿ."

"ಈ ಮನೆಗೆ ಹೀಟರ್ ತರೋದು ಮೀನಿಗೆ ನೀರಿನ ಬಾಟಲಿ ಕೊಟ್ಟ ಹಾಗೆ," ಎಂದ ಬಾಗಿಲಪ್ಪ. "ಮೊದಲು ಬಾಗಿಲು ಹಾಕು."

ಹೆಂಡತಿ ಇಬ್ಬರ ನಡುವೆ ಬಂದಳು. "ಇಬ್ರೂ ಸಾಕು ಮಾಡಿ. ನಾಲ್ಕು ವರ್ಷ ಸಿಮೆಂಟ್ ಚೀಲದ ಪಕ್ಕ ಮಲಗಿದೀನಿ. ಇನ್ನೊಂದು ಚಳಿಗಾಲ ನಡುಗೋಕೆ ನನ್ನ ಕೈಲಾಗಲ್ಲ. ಈ ಸಲ ನೋಡ್ತೀನಿ. ಹೀಟರ್ ಡಬ್ಬದಿಂದ ಹೊರಗೆ ಬಂದ ದಿನ ನಾನು ಮನೆಯಿಂದ ಹೊರಗೆ. ಆಮೇಲೆ ಈ ಮನೆ ಮಾರಿ ತಮ್ಮನ ಅಂಗಡಿ ಮೇಲೆ ಇರೋಣ."

ಅವಳು ಆಡಿದ ಮಾತನ್ನು ವಾಪಸು ತೆಗೆದುಕೊಂಡದ್ದನ್ನು ಬಾಗಿಲಪ್ಪ ಇದುವರೆಗೆ ಕಂಡಿರಲಿಲ್ಲ. ಅವಳು ಡಬ್ಬವನ್ನು ತಾನೇ ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಅದು ಸುತ್ತಲೂ ಟೇಪು ಸುತ್ತಿಸಿಕೊಂಡು ಕಪಾಟಿನ ನೆತ್ತಿಯ ಮೇಲೆ ಕೂತಿತ್ತು.

ಮರುದಿನವೇ ಅವಳು ಒಂದು ಕೆಲಸ ಹೇಳಿದಳು. "ರೀ, ಬಟ್ಟೆ ಅಂಚನ್ನ ಹಲ್ಲುಹಲ್ಲಾಗಿ ಕತ್ತರಿಸ್ತೀನಲ್ಲ, ಆ ದೊಡ್ಡ ಕತ್ತರಿ ಮೊಂಡಾಗಿದೆ. ಸಾಣೆ ಹಿಡಿಸ್ಕೊಂಡು ಬನ್ನಿ."

"ಆಯ್ತು," ಎಂದ ಬಾಗಿಲಪ್ಪ. ಗಂಡಂದಿರ ಆಯ್ತು ಎಷ್ಟು ಉದ್ದದ್ದು ಎಂದು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಚಳಿ ಬಂತು. ಪಕ್ಕದ ಮನೆಯವರು ಸ್ವೆಟರಿನ ಮೇಲೆ ಸ್ವೆಟರು ಏರಿಸಿ ಉರುಟಾದರು. ಬಾಗಿಲಪ್ಪನ ನಡುಮನೆಯ ತಾಪಮಾಪಕ ಮಾತ್ರ ಇಪ್ಪತ್ತೊಂದು ಡಿಗ್ರಿಯಲ್ಲಿ ಕಾಲು ಚಾಚಿ ಕೂತಿತ್ತು. ಅವನು ಬನಿಯನ್ನಿನಲ್ಲಿ ಓಡಾಡಿದ, ಬೇಕೆಂದೇ ಕಿಟಕಿಯ ಹತ್ತಿರ. ಸುದ್ದಿ ಹಬ್ಬಿ ಭಾನುವಾರ ಭಾನುವಾರ ಜನ ಮನೆ ನೋಡಲು ಬರತೊಡಗಿದರು. ಬಾಗಿಲಪ್ಪನಿಗೆ ತಲೆಯ ಮೇಲೆ ಎರಡು ಕೊಂಬು ಮೂಡಿದವು.

"ಈ ಮನೆ ತನಗೆ ತಾನೇ ಬಿಸಿಯಾಗುತ್ತೆ," ಎಂದು ಶುರು ಮಾಡುತ್ತಿದ್ದ. "ಬಿಸಿಲು ಒಂದಿಷ್ಟು ಕೊಡುತ್ತೆ, ಅಡುಗೆ ಒಲೆ ಒಂದಿಷ್ಟು. ಮನುಷ್ಯ ಅಂದ್ರೆ ಏನು ಅಂದ್ಕೊಂಡ್ರಿ? ಸುಮ್ಮನೆ ಕೂತ್ರೂ ನೂರು ವಾಟ್ ಬಲ್ಬಿನಷ್ಟು ಶಾಖ. ಎಲ್ಲಾ ಲೆಕ್ಕ ಹಾಕಿದೀನಿ. ಬಾಗಿಲು ಹಾಕಿ, ಬಾಗಿಲು ಹಾಕಿ."

ಅವನ ಲೆಕ್ಕದಲ್ಲಿ ಫ್ರಿಜ್ಜಿನ ಬೆನ್ನಿನ ಬಿಸಿಗೂ ಜಾಗವಿತ್ತು. ಒಂದೇ ಒಂದು ವಸ್ತುವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಹೆಂಡತಿಯ ಇಸ್ತ್ರಿಪೆಟ್ಟಿಗೆ. ಹೊಲಿದ ಪ್ರತಿ ಬಟ್ಟೆಗೂ ಇಸ್ತ್ರಿ ಆಗಬೇಕು, ಬೆಳಗಿನಿಂದ ಸಂಜೆಯವರೆಗೆ ಅದು ಉರಿಯುತ್ತಲೇ ಇರುತ್ತಿತ್ತು. ಅದನ್ನು ಹಳೆಯ ಶೆಡ್ಡಿಗೆ ಸಾಗಹಾಕು ಎಂದು ಅವನು ಹಲವು ಸಲ ಗೊಣಗಿದ್ದ.

ಅದೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬ ಹಿರಿಯರು ಗೋಡೆ ಸವರಿ, "ಎಷ್ಟು ನಯವಾಗಿದೆಯಪ್ಪಾ. ಯಾರು ಮೆತ್ತಿದ್ದು?" ಎಂದು ಕೇಳಿದರು.

"ನಾನೇ," ಎಂದ ಬಾಗಿಲಪ್ಪ. ಮಾತಿನ ಭರದಲ್ಲಿ ಬಂದುಬಿಟ್ಟಿತು. ಅಲ್ಲಿಗೆ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದನೇನೋ. "ಇಡೀ ಮನೆ ಒಬ್ಬನೇ ಕಟ್ಟಿದ್ದು. ಈ ಮನೆಗೆ ಒಂದೇ ಒಂದು ಶತ್ರು ಅಂದ್ರೆ ನಮ್ಮವಳ ಇಸ್ತ್ರಿಪೆಟ್ಟಿಗೆ. ನಾನು ಉಳಿಸಿದ ಕರೆಂಟನ್ನೆಲ್ಲ ಅದು ತಿಂದು ತೇಗುತ್ತೆ."

ಜನ ನಕ್ಕರು. ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು.

ಜನ ಹೋದಮೇಲೆ ಅವಳು ಚೀಲ ಹಿಡಿದು ಹೊರಗೆ ಬಂದಳು. ಮುಖ ಗಂಟು ಹಾಕಿರಲಿಲ್ಲ, ಅದೇ ಭಯವಾಗುವಂತಿತ್ತು. "ತಮ್ಮನ ಮನೇಲಿ ಇರ್ತೀನಿ. ಹೊಲಿಯೋದಕ್ಕೆ ಅಲ್ಲೂ ಜಾಗ ಇದೆ. ಒಬ್ರೇ ಕಟ್ಟಿದೀರಿ, ಒಬ್ರೇ ಇದ್ದು ನೋಡಿ. ಹೆಂಗೂ ತನಗೆ ತಾನೇ ಬಿಸಿಯಾಗುತ್ತಲ್ಲ."

"ತಮಾಷೆಗೆ ಹೇಳಿದ್ದು ಕಣೇ."

"ನಗು ಬಂದಾಗ ವಾಪಸ್ ಬರ್ತೀನಿ," ಎಂದು ಅವಳು ಹೊರಟೇಬಿಟ್ಟಳು. ಬಾಗಿಲನ್ನು ಮೆತ್ತಗೆ, ಭದ್ರವಾಗಿ ಎಳೆದುಕೊಂಡು ಹೋದಳು.

ಎರಡು ದಿನ ಬಾಗಿಲಪ್ಪ ವೀರನ ಹಾಗಿದ್ದ. ಮೂರನೆಯ ದಿನ ಮೋಡ ಕವಿದು ಸೂರ್ಯ ರಜೆ ಹಾಕಿದ. ತಾಪಮಾಪಕ ಹದಿನೆಂಟಕ್ಕೆ ಇಳಿಯಿತು, ಆಮೇಲೆ ಹದಿನಾರಕ್ಕೆ. ಎಲ್ಲೋ ಗಾಳಿ ನುಗ್ಗುತ್ತಿದೆ ಎಂದುಕೊಂಡು ಅವನು ಮೇಣದಬತ್ತಿ ಹಚ್ಚಿ ಗೋಡೆ ಗೋಡೆ ತಡಕಿದ. ಕಿಟಕಿಯ ಅಂಚು, ಸ್ವಿಚ್ಚಿನ ಹಿಂದುಗಡೆ, ಸಿಂಕಿನ ಕೆಳಗೆ ಹೊಟ್ಟೆ ಮೇಲೆ ತೆವಳಿ ಪೈಪಿನ ಸಂದಿ, ಎಲ್ಲ ಕಡೆಯೂ ಜ್ವಾಲೆ ಅಲುಗದೆ ನಿಂತು ಅವನನ್ನು ಅಣಕಿಸಿತು. ಮನೆಯಲ್ಲಿ ತೂತಿರಲಿಲ್ಲ.

ಶಾಖ ಸಾಲದಿದ್ದರೆ ಮನುಷ್ಯರನ್ನು ಹೆಚ್ಚಿಸಬೇಕು, ಅಷ್ಟೇ ತಾನೆ. ಡಿಪೋದಲ್ಲಿ ಕಣ್ಣಳತೆಯಲ್ಲೇ ತೂಕ ನೋಡಿ, ಅತಿ ದಪ್ಪಗಿದ್ದ ಕಂಡಕ್ಟರನ್ನೂ ಮೂವರು ಮೆಕ್ಯಾನಿಕ್ಕುಗಳನ್ನೂ ಸಂಜೆ ಇಸ್ಪೀಟಿಗೆ ಕರೆದ. ಬಂದರು, ಕೂತರು, ಚಹಾ ಕುಡಿದರು. ತಾಪಮಾಪಕ ಒಂದು ಡಿಗ್ರಿ ಏರಿತು. ಅಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಸಿಗರೇಟು ಸೇದಲು ಎದ್ದು, ಬಾಗಿಲು ಹಾರುಹೊಡೆದು ನಿಂತ.

"ಬಾಗಿಲು ಹಾಕೋ," ಎಂದು ಕೂಗಿದ ಬಾಗಿಲಪ್ಪ, ಕಂಡಕ್ಟರನತ್ತ ತಿರುಗಿ, "ನೀನು ಸ್ವಲ್ಪ ಕೋಟು ಬಿಚ್ಚಿ ಕೂತ್ಕೋಬಾರ್ದಾ?" ಎಂದ.

"ಏನಯ್ಯಾ ಇದು, ಎಲೆ ನೋಡೋದು ಬಿಟ್ಟು ಆಗಿಂದ ಗೋಡೆ ನೋಡ್ತಿದೀಯ?" ಕಂಡಕ್ಟರ್ ಎದ್ದು ತಾಪಮಾಪಕ ನೋಡಿದ, ಬಂದಿದ್ದವರ ಹೊಟ್ಟೆಗಳನ್ನು ನೋಡಿದ, ಅವನಿಗೆ ಅರ್ಥವಾಯಿತು. "ಅಂದ್ರೆ ನಮ್ಮನ್ನ ಕರೆದದ್ದು ಸ್ನೇಹಕ್ಕಲ್ಲ, ಸೌದೆಗೆ. ಏಳ್ರೋ, ಹೋಗೋಣ."

ಹೋಗುವಾಗ ಬಾಗಿಲನ್ನು ಅಷ್ಟಗಲ ತೆರೆದಿಟ್ಟು ಹೋದರು.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಹದಿಮೂರು. ಬಾಗಿಲಪ್ಪ ಕೋಟು ಹಾಕಿಕೊಂಡು, ತಾನೇ ಕಟ್ಟಿದ ಮನೆಯಲ್ಲಿ, ಬಸ್ಸಿನಲ್ಲಿ ಕೂತಂತೆ ಮುದುಡಿ ಕೂತ. ಇದ್ದಕ್ಕಿದ್ದಂತೆ ಅವನಿಗೆ ಹಟ ಸಾಕೆನಿಸಿತು. ಕುರ್ಚಿ ಎಳೆದುಕೊಂಡು ಹೊಲಿಗೆ ಕೋಣೆಗೆ ಹೋದ, ಡಬ್ಬ ಇಳಿಸಲು.

ಮನೆಗೆಲ್ಲ ಅದೇ ತಣ್ಣಗಿನ ಕೋಣೆ. ಬೀಳದಿರಲೆಂದು ಮೇಜಿಗೆ ಕೈ ಊರಿದಾಗ ಅಂಗೈಗೆ ಇಸ್ತ್ರಿಪೆಟ್ಟಿಗೆ ತಾಗಿತು, ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬಾಗಿಲಪ್ಪ ಅದನ್ನೇ ಹಿಡಿದು ನಿಂತ. ಬೆಳಗಿನಿಂದ ಸಂಜೆಯವರೆಗೆ, ದಿನವೂ, ಸಾವಿರ ವಾಟಿನ ಪೆಟ್ಟಿಗೆ. ಅವನ ಲೆಕ್ಕಕ್ಕೆ ಹತ್ತು ಜನ ಕಂಡಕ್ಟರುಗಳ ಸಮ. ಫ್ರಿಜ್ಜಿನ ಬೆನ್ನನ್ನೂ ಬಿಡದೆ ಎಣಿಸಿದ ಮಹಾನುಭಾವ ಇದನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದ. ಇಡೀ ಚಳಿಗಾಲ ತಾನು ಬನಿಯನ್ನಿನಲ್ಲಿ ಮೆರೆದದ್ದು ಯಾರ ಪುಣ್ಯ ಎಂದು ಈಗ ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆ ಮನೆಯಲ್ಲಿ ಆಗ ಬೆಚ್ಚಗಿದ್ದದ್ದು ಅದೊಂದೇ.

ಆದರೂ ಚಳಿ ಚಳಿಯೇ. ಅವನು ಡಬ್ಬ ಇಳಿಸಿದ, ಟೇಪು ಹರಿದ, ಹೀಟರನ್ನು ಹೊರಗೆ ತೆಗೆದ, ವೈರು ಎಳೆದ. ವೈರು ಒಂದು ಗೇಣಿದ್ದು ಮುಗಿದುಹೋಯಿತು. ಪ್ಲಗ್ಗೇ ಇರಲಿಲ್ಲ. ವೈರಿನ ತುದಿಯನ್ನು ಯಾರೋ ಹಲ್ಲುಹಲ್ಲಾಗಿ, ಕಷ್ಟಪಟ್ಟು, ನಾಲ್ಕೈದು ಸಲ ಅಗಿದಂತೆ ಕತ್ತರಿಸಿದ್ದರು.

ಬಾಗಿಲಪ್ಪ ನೆಲದ ಮೇಲೆ ಕೂತುಬಿಟ್ಟ. ಮೊದಲ ದಿನ ಅವಳು ಡಬ್ಬ ಹೊತ್ತು ಈ ಕೋಣೆಗೆ ಬಂದದ್ದು, ಮರುದಿನವೇ ಕತ್ತರಿ ಮೊಂಡಾದದ್ದು ಎರಡೂ ಒಟ್ಟಿಗೆ ನೆನಪಾದವು. ಹೀಟರ್ ಹಚ್ಚಿದರೆ ಹೊರಟುಹೋಗುತ್ತೇನೆ ಎಂದು ಹೆದರಿಸಿ, ಹಚ್ಚಲಾಗದ ಹಾಗೆ ಅವಳೇ ಮಾಡಿಟ್ಟಿದ್ದಳು. ತನಗಿಂತ ಮೊದಲು, ತನಗಿಂತ ಹೆಚ್ಚಾಗಿ, ಈ ಮನೆಯ ಪಕ್ಷ ವಹಿಸಿದವಳು ಅವಳು. ಅವನಿಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ.

ಆಮೇಲೆ ಎದ್ದು ಕತ್ತರಿ ಹುಡುಕಿ ಜೇಬಿಗೆ ಹಾಕಿಕೊಂಡ. ಸಾಣೆಯವನು ಅಂಗಡಿ ಮುಚ್ಚುತ್ತಿದ್ದ. ಬಾಗಿಲಪ್ಪ ಕಾಡಿ ಬೇಡಿ ಕತ್ತರಿಗೆ ಸಾಣೆ ಹಿಡಿಸಿಕೊಂಡ.

ಬಾಮೈದನ ಅಂಗಡಿಯಲ್ಲಿ ಅವಳು ಗಲ್ಲಾದ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದಳು. ಬಾಗಿಲಪ್ಪ ಕತ್ತರಿಯನ್ನು ಅವಳ ಮುಂದಿಟ್ಟ. ಅವಳು ಒಂದು ಚಿಂದಿ ತೆಗೆದುಕೊಂಡು ಕತ್ತರಿಸಿ ನೋಡಿದಳು. ಸರಕ್ಕನೆ ಹೋಯಿತು.

"ಮನೇಲಿ ಎಷ್ಟಿದೆ?" ಎಂದಳು, ತಲೆ ಎತ್ತದೆ.

"ಹದಿಮೂರು. ಡಬ್ಬ ಬಿಚ್ಚಿಬಿಟ್ಟೆ."

ಬಾಮೈದನ ಮುಖ ಅರಳಿತು. "ಸೋತ್ರಲ್ಲ ಭಾವ. ಮೇಲಿನ ಕೋಣೆ ತೊಳೆಸ್ತೀನಿ."

"ನೀನು ಗಿರಾಕಿ ನೋಡ್ಕೋ," ಎಂದಳು ಅಕ್ಕ.

"ವೈರು ಯಾಕೆ ಕತ್ತರಿಸ್ದೆ?" ಎಂದು ಬಾಗಿಲಪ್ಪ ಕೇಳಿದ. "ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ನಿಮ್ಮ ಮೇಲೆ ಇರ್ಲಿಲ್ಲ. ಮನೆ ಮೇಲಿತ್ತು. ಮಣ್ಣು ತುಳಿದವಳು ನಾನಲ್ವಾ."

"ಹೌದು. ಮೆತ್ತಿದವಳೂ ನೀನೇ. ಆ ಜನಕ್ಕೆಲ್ಲ ಸುಳ್ಳು ಹೇಳ್ದೆ. ಬಿಸಿ ಮಾಡ್ತಿದ್ದದ್ದೂ ನಿನ್ನ ಇಸ್ತ್ರಿಪೆಟ್ಟಿಗೆ, ಅದನ್ನೂ ಬೈದೆ. ಈ ಭಾನುವಾರ ಬರೋರಿಗೆ ಎಲ್ಲಾ ಸರಿಯಾಗಿ ಹೇಳ್ತೀನಿ. ನೀನಿಲ್ಲದೆ ಅಲ್ಲಿರೋಕೆ ಆಗ್ತಿಲ್ಲ. ಚಳಿಗೆ ಅಂತ ಅಲ್ಲ. ಆದ್ರೆ ಹೀಟರ್ ಹೊರಗೆ ಬಂದ್ರೆ ನೀನು ಹೊರಗೆ ಅಂದಿದ್ದೆಯಲ್ಲ."

ಅವಳು ದಾರ ಕಡಿದಳು. "ನಾನು ಹೊರಗೆ ಬಂದಾಗಿದೆಯಲ್ಲ. ಇನ್ನು ಒಳಗೆ ಹೋಗೋದೊಂದೇ ಬಾಕಿ. ಚೀಲ ಎತ್ಕೊಳ್ಳಿ. ಮತ್ತೆ, ಭಾನುವಾರ ಮನೆ ತೋರಿಸೋದು ನಾನು. ನೀವು ಚಹಾ ಮಾಡಿ."

ಮನೆಗೆ ಬಂದು ಅವಳು ಬಾಗಿಲು ತಳ್ಳಿದಳು. ಮುಚ್ಚದೆ ಹೊಸ್ತಿಲಲ್ಲೇ ನಿಂತಳು. ನಡುಮನೆಯ ಮೂಲೆಗಳನ್ನು, ತಾಪಮಾಪಕವನ್ನು, ಚೀಲ ಹಿಡಿದು ನಿಂತ ಗಂಡನನ್ನು ಒಂದೊಂದಾಗಿ ನೋಡಿದಳು. ಹೊರಗಿನ ಗಾಳಿ ಅವಳನ್ನು ದಾಟಿಕೊಂಡು ಸೊಂಯ್ಯನೆ ಒಳಗೆ ಹೋಗುತ್ತಿತ್ತು. ಬಾಗಿಲಪ್ಪನ ನಾಲಿಗೆ ತುದಿಗೆ ಇಪ್ಪತ್ತು ವರ್ಷದ ಮಾತು ಬಂದು ನಿಂತಿತ್ತು. ಅವನು ತುಟಿ ಕಚ್ಚಿ ಹಿಡಿದುಕೊಂಡ. ಅವಳೂ ಅವನು ಹೇಳಲಿ ಎಂದು ಕಾದಳು. ಹೇಳಲಿಲ್ಲ.

ಅವಳು ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದಳು.

"ಬಾಗಿಲು ಹಾಕ್ರಿ," ಎಂದಳು. "ನನ್ನ ಮನೆ ತಣ್ಣಗಾಗ್ತಿದೆ."

ಬಾಗಿಲಪ್ಪ ಹಾಕಿದ.