ಬುಡ ಕತ್ತರಿಸಿದ ಕಂಬಗಳು

ಮೂರು ದಿನದಿಂದ ಡೈರಿಯಲ್ಲಿ ಒಂದೇ ಸಾಲು ಬರೆದು ಹೊಡೆದುಹಾಕುತ್ತಿದ್ದೆ: ಆ ಚಾರ್ಟ್ ಬರೆದದ್ದು ನಾನು.

ನಮ್ಮ ಬೀದಿಯ ಆಸ್ಪತ್ರೆಯ ನರ್ಸಕ್ಕ ಕೇಳಿದ್ದರು. "ಓದಿದವಳು ನೀನು. ಸಂಜೆ ಹೊತ್ತು ಎಷ್ಟು ಜನ ಬರ್ತಾರೆ ಅಂತ ಒಂದು ಚಿತ್ರ ಬರೆದುಕೊಡೇ, ಗೋಡೆಗೆ ಅಂಟಿಸ್ತೀನಿ."

ಹೋದ ವರ್ಷ ತಿಂಗಳಿಗೆ ನಾನೂರ ನಲವತ್ತು ಜನ, ಈ ವರ್ಷ ನಾನೂರ ಇಪ್ಪತ್ತು. ಹಾಳೆ ಚಿಕ್ಕದಿತ್ತು. ಕಂಬಗಳನ್ನು ಸೊನ್ನೆಯಿಂದ ಎಬ್ಬಿಸುವ ಬದಲು ನಾನೂರರಿಂದ ಎಬ್ಬಿಸಿದೆ. ಬುಡದಲ್ಲಿ ಸಣ್ಣದಾಗಿ 400 ಎಂದು ಬರೆದೆ. ತಪ್ಪು ಅನ್ನಿಸಲೇ ಇಲ್ಲ. ಅಮ್ಮ ಟೈಲರ್, ಅವಳ ಟೇಪಿನ ಮೊದಲ ಹತ್ತು ಇಂಚು ಹರಿದುಹೋಗಿ ವರ್ಷಗಳಾದವು. ಹತ್ತರಿಂದ ಅಳೆದು ಹತ್ತು ಕಳೆಯುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ರೂಢಿ.

ಆದರೆ ಬೀದಿಯವರು ಯಾಕೆ ಕಳೆಯುತ್ತಾರೆ?

ಎರಡನೇ ಕಂಬ ಮೊದಲನೆಯದರ ಅರ್ಧದಷ್ಟೇ ಕಂಡಿತು. "ಅರ್ಧಕ್ಕರ್ಧ ಜನ ಕಮ್ಮಿಯಂತೆ!" ಎಂದು ಸುದ್ದಿ ಹಬ್ಬಿತು. ಸಂಜೆ ಹೊತ್ತು ಆಸ್ಪತ್ರೆ ಮುಚ್ಚಿಬಿಡೋಣವೆಂದು ಅದರ ಸಮಿತಿ ಸಭೆ ಕರೆಯಿತು. ಅಮ್ಮನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸುವುದು ಅಲ್ಲೇ, ಅಂಗಡಿಗೆ ಬೀಗ ಹಾಕಿದ ಮೇಲೆ.

ಸಭೆಯಲ್ಲಿ ಪಕ್ಕದ ಮನೆಯ ಪೋಸ್ಟ್‌ಮನ್ ಮಾವ ಎದ್ದರು. "ಕಣ್ಣಿಗೆ ರಾಚೋ ಹಾಗಿದೆ, ಇನ್ನೇನು ಚರ್ಚೆ? ಮುಚ್ಚಿ ಅತ್ಲಾಗೆ."

ನಾನು ಅಮ್ಮನ ಕಿವಿಯಲ್ಲಿ ಲೆಕ್ಕ ಹೇಳಿದೆ. ಬರೆದವರು ಯಾರೆಂದು ಹೇಳಲಿಲ್ಲ. ಅಮ್ಮ ಚೀಲದಿಂದ ಟೇಪು, ಕತ್ತರಿ, ಲೈನಿಂಗ್ ಬಟ್ಟೆ ತೆಗೆದು, ಅಳೆದು ಎರಡು ಉದ್ದ ಪಟ್ಟಿ ಕತ್ತರಿಸಿದಳು.

"ಅಣ್ಣಾ, ಹತ್ತು ಜನಕ್ಕೆ ಒಂದು ಇಂಚು. ಹೋದ ವರ್ಷದ್ದು ನಲವತ್ನಾಲ್ಕು, ಈ ವರ್ಷದ್ದು ನಲವತ್ತೆರಡು. ಹಿಡ್ಕೊಳ್ಳಿ."

ಮಾವ ಎರಡೂ ಪಟ್ಟಿಗಳನ್ನು ಜೋಡಿಸಿ ಎತ್ತಿ ಹಿಡಿದರು. ಕೆಳಗೆ ಎರಡೇ ಇಂಚು ವ್ಯತ್ಯಾಸ.

"ಇಷ್ಟೇನಾ?"

"ಇಷ್ಟೇ. ಚಾರ್ಟಲ್ಲಿ ಬುಡ ಕತ್ತರಿಸಿ ತಲೆ ಮಾತ್ರ ತೋರ್ಸಿದಾರೆ. ನಿಮ್ಮ ಪ್ಯಾಂಟನ್ನ ಸೊಂಟ ಬಿಟ್ಟು ಮಂಡಿಯಿಂದ ಅಳೆದು ಹೊಲಿದ್ರೆ ಹಾಕ್ಕೋತೀರಾ?"

ಸಭೆ ಗೊಳ್ಳೆಂದಿತು. ಮಾವನೂ ನಕ್ಕರು.

"ತಿಂಗಳಿಗೆ ನಾನೂರಿಪ್ಪತ್ತು ಜನ ಬರೋ ಬಾಗಿಲು ಮುಚ್ಚೋದುಂಟಾ!" ಅಧ್ಯಕ್ಷರು ಮೇಜು ಕುಟ್ಟಿದರು. "ಸಂಜೆ ಆಸ್ಪತ್ರೆ ನಡೆಯುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರು ಪೋಸ್ಟ್‌ಮನ್ ಮಾವನದೇ. ಅದು ನಿಂತ ಮೇಲೆ ಅವರೇ ಕೇಳಿದರು: "ಅದ್ಸರಿ, ಈ ಘನಂದಾರಿ ಚಾರ್ಟ್ ಬರೆದ ಪುಣ್ಯಾತ್ಮ ಯಾರು?"

ನರ್ಸಕ್ಕ ನೆಲ ನೋಡಿದರು, ನನ್ನ ಹೆಸರೆತ್ತಲಿಲ್ಲ. ನಾನು ಎದ್ದು ನಿಂತೆ.

"ನಾನೇ ಮಾವ. ಅಂಕಿ ಸುಳ್ಳು ಬರೀಲಿಲ್ಲ, ಆದ್ರೆ ಚಿತ್ರ ಸುಳ್ಳು ಹೇಳ್ತು. ಇನ್ನು ಎಲ್ಲೇ ಇಂಥ ಕಂಬ ಕಂಡ್ರೂ ದಯವಿಟ್ಟು ಮೊದಲು ಬುಡದ ಅಂಕಿ ಓದಿ. ಬರೆದವಳು ನಾನೇ ಆಗಿದ್ರೂ ಓದಿ."