ಅಳುವಿನ ಡಬ್ಬಿ

"ನಾನು ಅವಳ್ನ ಕೇಳ್ದೆ ಅಂತ ತಂಗಿಗೆ ಯಾವತ್ತೂ ಹೇಳ್ಕೂಡದು" ಎಂದು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದ ಅಮ್ಮ ಮಗನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು.

ತಂಗಿ ಆ ಹೊತ್ತಿಗೆ ಬೇರೆ ಊರಿನಲ್ಲಿ, ಹಾಡಿನ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನಿಂತಿದ್ದಳು. ಕರೆಸಲಾ ಎಂದು ಮಗ ಕೇಳಿದರೆ ಅಮ್ಮ ಬೇಡ ಎಂದಳು. ಬೇಡ ಎಂದವಳೇ ವಾರ್ಡಿನ ಬಾಗಿಲು ಕಿರ್ ಎಂದಾಗಲೆಲ್ಲ ಕತ್ತು ಎತ್ತಿ "ಬಂದ್ಲಾ?" ಎಂದಳು.

"ಹೇಳಿದ್ರೆ ಜೀವಮಾನವಿಡೀ ಹೊತ್ಕೊಂಡು ತಿರುಗ್ತಾಳೆ ಕಣೋ. ಹೇಳಲ್ಲ ಅನ್ನು."

"ಹೇಳಲ್ಲಮ್ಮ."

"ಆಣೆ?"

"ಆಣೆ."

ಸಂಜೆ ಡ್ಯೂಟಿಗೆ ಬಂದ ನರ್ಸಿನ ಕೈಯನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡು "ಬಂದ್ಯಾ ಮಗಳೇ" ಎಂದಳು. ನರ್ಸಿಗೆ ಕೈತುಂಬ ಕೆಲಸ. "ಬಂದೆ, ಬಂದೆ" ಎಂದು ಸೂಜಿ ಚುಚ್ಚಿ ಪಕ್ಕದ ಮಂಚಕ್ಕೆ ಹೋದಳು. ಅಮ್ಮನಿಗೆ ಅಷ್ಟೇ ಸಾಕಾಯಿತು.

ತಂಗಿಗೆ ಅವನು ಹೇಳಿದ್ದು ಇಷ್ಟೇ: "ನಿದ್ದೇಲೇ ಹೋದ್ಲು. ಯಾರನ್ನೂ ಕೇಳ್ಲಿಲ್ಲ."

ತಂಗಿ ಅದನ್ನು ನಂಬಿದಳು. ನಂಬಿ, ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಅದನ್ನೇ ತಮಾಷೆ ಮಾಡಿಕೊಂಡಳು. ಮನೆಗೆ ಬಂದಾಗಲೆಲ್ಲ ಅತ್ತಿಗೆಯ ಎದುರು ಅದೇ ಮಾತು: "ನಿಮ್ಮನೆಯವರೇ ಅಮ್ಮನ ಮುದ್ದಿನ ಕುಮಾರ ಅತ್ತಿಗೆ. ನಾನು ತವಡು ಕೊಟ್ಟು ತಂದೋಳು. ಹೋಗೋವಾಗ್ಲೂ ಕೇಳ್ಲಿಲ್ಲ ಮಹಾತಾಯಿ!" ನಗುತ್ತ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ವರ್ಷಗಟ್ಟಲೆ ಆ ಗುಟ್ಟು ಅವನ ಹೊಟ್ಟೆಯಲ್ಲಿ ಅಲ್ಲಾಡದೆ ಕೂತಿತ್ತು.

ಅವನು ಹಾಡಿನ ಕಂಪನಿಯೊಂದರಲ್ಲಿ ಹಾಡುಗಳಿಗೆ ವಾದ್ಯ ಜೋಡಿಸುವವನು. ಅಲ್ಲಿ ಎಲ್ಲರೂ ಅವನನ್ನು ಪಾಕಶಾಸ್ತ್ರಿ ಎಂದೇ ಕರೆಯುತ್ತಿದ್ದರು. ಯಾವ ಹಾಡಿಗೆ ಎಷ್ಟು ಸಕ್ಕರೆ, ಯಾವುದು ಒಂದೆಳೆ ಪಾಕ, ಯಾವುದು ಎರಡೆಳೆ, ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಮೊದಲು ಪಿಯಾನೊ ಒಂಟಿಯಾಗಿ ಅಳಬೇಕು. ಎರಡನೇ ಚರಣಕ್ಕೆ ಪಿಟೀಲುಗಳು ಹಿಂಡುಹಿಂಡಾಗಿ ನುಗ್ಗಬೇಕು. ಕೊನೆಯ ಪಲ್ಲವಿಯನ್ನು ಶ್ರುತಿಯಲ್ಲಿ ಅರ್ಧ ಮೆಟ್ಟಿಲು ಮೇಲಕ್ಕೆತ್ತಬೇಕು. ಅಷ್ಟಕ್ಕೂ ಕರಗದವರಿಗೆ ಮಳೆಯ ಸದ್ದು, ಕಟ್ಟಕಡೆಗೆ ಒಂದು ಮಗುವಿನ ದನಿ. "ಇದು ಹಾಡಲ್ಲಪ್ಪ, ಈರುಳ್ಳಿ ಹೆಚ್ಚೋ ಯಂತ್ರ" ಎಂದು ಅವನೇ ನಗುತ್ತಿದ್ದ. ಕೆಲಸದ ಕಂಪ್ಯೂಟರಿನಲ್ಲಿ ಅವನು 'ಅಳುವಿನ ಡಬ್ಬಿ' ಎಂದು ಹೆಸರಿಟ್ಟ ಜಾಗವೊಂದಿತ್ತು. ಬೇರೆ ಬೇರೆ ಗಾಯಕಿಯರ ಬಿಕ್ಕು, ನಿಟ್ಟುಸಿರು, ಗಂಟಲು ಬಿಗಿಯುವ ಸದ್ದುಗಳನ್ನು ಕತ್ತರಿಸಿ ಅಲ್ಲಿ ಸೇರಿಸಿಟ್ಟಿದ್ದ. ಹಾಡು ಒಣಗಿದೆ ಅನಿಸಿದರೆ ಒಂದು ಚಿಟಿಕೆ ತೆಗೆದು ಉದುರಿಸುತ್ತಿದ್ದ.

ಹಾಡು ಪಾಸಾಗಬೇಕಾದರೆ ಕಂಪನಿಯ ಯಜಮಾನರ ಅತ್ತೆ ಅಳಬೇಕಿತ್ತು. ತಮಾಷೆಯಲ್ಲ, ಅದೇ ಅಲ್ಲಿಯ ಕಾನೂನು. ಅಳಿಯನ ಕೋಣೆಯ ತಂಪಿಗೆಂದು ಬಂದು ಸೋಫಾ ತುಂಬ ಕೂರುತ್ತಿದ್ದ ದಪ್ಪನೆಯ ಆ ಅತ್ತೆಮ್ಮನ ಎದುರು ಪ್ರತಿ ಹೊಸ ಹಾಡನ್ನೂ ಹಾಕುತ್ತಿದ್ದರು. ಆಕೆ ಕರವಸ್ತ್ರ ತೆಗೆದರೆ ಹಾಡು ಹೊರಕ್ಕೆ, ಇಲ್ಲದಿದ್ದರೆ ಕಸಕ್ಕೆ. ಯಜಮಾನರ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲದ ಹಾಡು ಅಮ್ಮನ ಮೇಲೆ. ಮನೆ ಬಿಟ್ಟುಹೋದ ಮಗಳು ತಿರುಗಿ ಬಂದು ಬಾಗಿಲು ಬಡಿಯುತ್ತಾಳೆ. "ಬಂದೆನಮ್ಮಾ, ನಾ ಬಂದೆನಮ್ಮಾ, ಬಾಗಿಲ ತೆಗೆಯಮ್ಮಾ."

"ಒಂದು ಸಾಲಿಗೆ ಮೂರು ಅಮ್ಮ ಹೆಚ್ಚಾಗ್ಲಿಲ್ವಾ?" ಎಂದು ಅವನು ಹಾಡು ಬರೆಯುವವನನ್ನು ಕೇಳಿದ್ದ.

"ಜಾಗ ಇದ್ದಿದ್ರೆ ನಾಲ್ಕನೇದೂ ಹಾಕ್ತಿದ್ದೆ ಗುರುವೇ."

ಹಾಡನ್ನು ತಂಗಿಗೆ ಕೊಡಿಸಲು ಅವನು ಯಜಮಾನರ ಹಿಂದೆ ಎಷ್ಟೋ ಕಾಲ ಅಲೆದಿದ್ದ. ಸ್ಪರ್ಧೆಯಲ್ಲಿ ಸೋತ ಮೇಲೆ ಅವಳಿಗೆ ಹಾಡಲು ಯಾರೂ ಕರೆದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಸ್ವರ ಹೇಳಿಕೊಟ್ಟುಕೊಂಡಿದ್ದಳು. ಗಂಟಲು ಶುದ್ಧ. ಆದರೆ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ, ಒಂದು ಸುಕ್ಕಿಲ್ಲ. ಬೆಳಗಿನಿಂದ ಎಷ್ಟು ಸಲ ಹಾಡಿಸಿದರೂ ಆ ಸಾಲು ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತಿತ್ತು.

ಯಜಮಾನರು ಬಾಗಿಲಲ್ಲಿ ತಲೆ ಹಾಕಿದರು. "ಏನಯ್ಯಾ ಪಾಕಶಾಸ್ತ್ರಿ, ನಿನ್ನ ತಂಗಿ ಹಾಡ್ತಿದ್ದಾಳೋ ಕರೆಂಟ್ ಬಿಲ್ ಓದ್ತಿದ್ದಾಳೋ? ನಾಳೆ ಅತ್ತೆಮ್ಮ ಕರವಸ್ತ್ರ ಮುಟ್ಟಲಿಲ್ಲ ಅಂದ್ರೆ ಹಾಡು ಜೇನುಗೆ. ಆಮೇಲೆ ನನ್ನ ಹತ್ರ ತಂಗಿ ಗಿಂಗಿ ಅಂತ ಬರ್ಕೂಡದು."

ಜೇನು ಎಂದರೆ ಕೇಳಿದ ಜಾಗದಲ್ಲಿ, ಕೇಳಿದಷ್ಟು ಬಿಕ್ಕಿಕೊಡುವ ಗಾಯಕಿ. ಡಬ್ಬಿಯಲ್ಲಿದ್ದ ಅಳುವಿನಲ್ಲಿ ಅರ್ಧ ಅವಳದೇ.

ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಒಂದು ಬಿಕ್ಕು ತೆಗೆದು ಅಂಟಿಸಿದ್ದರೆ ಮುಗಿಯುತ್ತಿತ್ತು. ಆದರೆ ಜೀವನವಿಡೀ ಸಕ್ಕರೆ ಕರಗಿಸಿದವನಿಗೆ ಅವತ್ತು ಎಲ್ಲಿಂದಲೋ ನಿಜದ ಚಪಲ ಹತ್ತಿತು. ಅಂಟಿಸಿದ್ದಲ್ಲ, ಅಸಲಿದು ಬೇಕು. ಅಸಲಿ ಎಲ್ಲಿದೆ, ಅದರ ಕೀಲಿ ಯಾವುದು ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ತಂಗಿಯ ಒಳ್ಳೆಯದಕ್ಕೇ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಬೆರಳು ರೆಕಾರ್ಡಿಂಗ್ ಗುಂಡಿಯನ್ನು ಒತ್ತಿಯಾಗಿತ್ತು.

ಹಾಡುವ ಕೋಣೆಯಲ್ಲಿ, ಗಾಜಿನ ಆಚೆ, ತಂಗಿ ಹೆಡ್‌ಫೋನ್ ಸರಿಮಾಡಿಕೊಂಡಳು. "ಇದೇ ಕೊನೆ ಕಣೋ ಅಣ್ಣ. ಬಾಗಿಲು ತೆಗಿ, ಬಾಗಿಲು ತೆಗಿ ಅಂತ ಬಾಯೆಲ್ಲ ಒಣಗಿಹೋಯ್ತು. ಆ ಅಮ್ಮನಿಗೇನು ಕಿವುಡಾ?"

ಅವನು ತನ್ನ ಕಡೆಯ ಮೈಕಿನ ಹತ್ತಿರ ಬಾಯಿ ತಂದ. ಹಾಡಿಗೆ ಮುಂಚಿನ ಪಿಯಾನೊ ಆಗಲೇ ಶುರುವಾಗಿತ್ತು.

"ಅಮ್ಮ ನಿನ್ನ ಕೇಳಿದ್ಲು."

ಅವಳು ತಲೆ ಎತ್ತಿದಳು.

"ಬಾಗಿಲು ಸದ್ದಾದಾಗೆಲ್ಲ ಬಂದ್ಲಾ ಅಂತ ಕೇಳಿದ್ಲು. ಕೊನೆಗೆ ನರ್ಸಿನ ಕೈ ಹಿಡ್ಕೊಂಡು ನೀನೇ ಅಂದ್ಕೊಂಡ್ಲು. ಬಂದ್ಯಾ ಮಗಳೇ ಅಂದ್ಲು. ಹಾಡು, ಈಗ!"

ಶಾಲೆಯ ಮಕ್ಕಳಿಗೆ ತಾಳ ತಪ್ಪಬೇಡಿ ಎಂದು ಗದರುವ ಹೆಂಗಸು. ತಾಳ ಬಂದಾಗ ಅವಳ ಬಾಯಿ ತಾನಾಗಿ ತೆರೆಯಿತು. "ಬಂದೆನಮ್ಮಾ" ಎಂದಳು. ಎರಡನೆಯದನ್ನು ಅರ್ಧ ಎಂದಳು. ಆಮೇಲೆ ಬಂದದ್ದು ಹಾಡೂ ಅಲ್ಲ, ಬಿಕ್ಕೂ ಅಲ್ಲ. ಬಾಗಿಲ ಸಂದಿಗೆ ಕಾಲು ಸಿಕ್ಕಿಕೊಂಡ ಪ್ರಾಣಿಯ ಸದ್ದು. ಪಿಟೀಲುಗಳು ತಮ್ಮ ಪಾಡಿಗೆ ತಾವು ನುಗ್ಗಿದವು, ಮಳೆಯೂ ಬಂತು, ಎಲ್ಲ ಹೇಳಿಟ್ಟ ಹೊತ್ತಿಗೆ ಸರಿಯಾಗಿ. ಅವಳು ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಹಾಡು ಮುಗಿದ ಮೇಲೆ ಕೇಳಿದಳು, "ನಿಜಾನಾ?"

"ನಿಜ."

"ಇಷ್ಟು ವರ್ಷ ಬಚ್ಚಿಟ್ಕೊಂಡಿದ್ದೋನು ಇವತ್ಯಾಕೆ ಹೇಳ್ದೆ?"

ಅವನ ಕಣ್ಣು ಪರದೆಯ ಮೇಲಿತ್ತು. ದನಿಯ ಗೆರೆ ಆ ಜಾಗದಲ್ಲಿ ಎಷ್ಟು ಎತ್ತರ ಹಾರಿದೆ ಎಂದು ನೋಡುತ್ತಿದ್ದ. ತಂಗಿ ಗಾಜಿನ ಮೂಲಕ ಅವನನ್ನು ನೋಡಿದಳು. ಆಮೇಲೆ ಮೂಲೆಯ ಕೆಂಪು ದೀಪವನ್ನು.

"ಇನ್ನೂ ರೆಕಾರ್ಡ್ ಆಗ್ತಿದೆಯಲ್ಲೋ."

"ಆಫ್ ಮಾಡ್ತೀನಿ, ತಾಳು."

ಅವಳು ಹೆಡ್‌ಫೋನನ್ನು ಕೊಕ್ಕೆಗೆ ನೇತುಹಾಕಿ, ತಂದಿದ್ದ ನೀರಿನ ಬಾಟಲಿಯನ್ನು ಅಲ್ಲೇ ಮರೆತು ಹೊರಟುಹೋದಳು.

ಮಾರನೆಯ ದಿನ ಅತ್ತೆಮ್ಮನ ಎದುರು ಹಾಡು ಹಾಕಿದರು. ಆಕೆ ಕಾಲು ಮಡಚಿ, ಕರವಸ್ತ್ರ ತೊಡೆಯ ಮೇಲಿಟ್ಟು ಸಿದ್ಧವಾಗಿ ಕೂತರು. ಮೊದಲ ಚರಣಕ್ಕೆ ತಲೆದೂಗಿದರು. ಆ ಸಾಲು ಬಂತು. ಅತ್ತೆಮ್ಮನ ಕೈ ಎದೆಗೆ ಹೋಯಿತು.

"ಅಯ್ಯೋ ನಿಲ್ಸಿ, ನಿಲ್ಸಿ! ಯಾರಿಗೇನಾಯ್ತು? ಆ ಹುಡುಗಿಗೆ ಯಾರೋ ಏನೋ ಮಾಡಿದಾರೆ. ನನ್ನ ಬಿಪಿ ಮಾತ್ರೆ ಎಲ್ಲಿ?"

ಯಜಮಾನರು ಅತ್ತೆಗೆ ನೀರು ಕೊಟ್ಟು ಇವನ ಕಡೆ ತಿರುಗಿದರು. "ಜನ ಅಳ್ಬೇಕು ಕಣಯ್ಯಾ, ಹೆದರ್ಬಾರ್ದು. ಹಾಡು ಕೇಳಿ ಕಣ್ಣೊರೆಸ್ಕೊಂಡು ಊಟಕ್ಕೆ ಹೋಗೋ ಹಾಗಿರ್ಬೇಕು. ಇದನ್ನ ಕೇಳಿದ್ರೆ ಊಟ ಸೇರಲ್ಲ. ನಿನ್ನೆ ಬೆಳಗಿಂದು ಒಣಗಿದ್ದಿತ್ತಲ್ಲ, ಅದನ್ನೇ ಇಡು. ಮೇಲೆ ಜೇನುದು ಒಂದು ಬಿಕ್ಕು ಅಂಟಿಸು."

"ಸರ್, ಇದು ಅಸಲಿ."

"ಅದಕ್ಕೇ ಬೇಡ ಅಂದಿದ್ದು. ಬಿಸಾಕ್ಬೇಡ, ನಿನ್ನ ಡಬ್ಬೀಲಿ ಇಟ್ಕೊ. ಯಾವುದಾದ್ರೂ ದೆವ್ವದ ಪಿಕ್ಚರ್‌ಗೆ ಬರುತ್ತೆ."

ಅವನು ಜೇನುವಿನ ಬಿಕ್ಕನ್ನು ಆರಿಸಿ, ಎರಡು 'ಅಮ್ಮಾ'ಗಳ ನಡುವೆ ಅಂಟಿಸಿದ. ಊಟದ ಹೊತ್ತಿಗಿಂತ ಮೊದಲೇ ಮುಗಿಯಿತು. ಅತ್ತೆಮ್ಮ ಕರವಸ್ತ್ರ ತೆಗೆದರು. ಮೂಗೊರೆಸಿಕೊಂಡು "ಎಷ್ಟು ಚೆನ್ನಾಗಿದೆ! ಇನ್ನೊಂದ್ಸಲ ಹಾಕಪ್ಪ" ಎಂದರು. ತಂಗಿಯ ದನಿಯನ್ನು ಅವನು ಡಬ್ಬಿಯೊಳಗೆ ಇಟ್ಟ, ಉಳಿದ ಅಳುಗಳ ಪಕ್ಕದಲ್ಲಿ.

ಹಾಡು ಎಲ್ಲ ಕಡೆ ಓಡಿತು. ಅಂಗಡಿಗಳಲ್ಲಿ, ಬಸ್ಸುಗಳಲ್ಲಿ, ಕಟಿಂಗ್ ಶಾಪಿನ ಕನ್ನಡಿಗಳ ಎದುರು. ತಂಗಿ ಫೋನ್ ಮಾಡಿದಳು. ಅವಳು ಮಾತಾಡದೆ ಬಹಳ ದಿನವಾಗಿತ್ತು; ಅವನು ಆಸೆಯಿಂದ ಎತ್ತಿದ.

"ಆ ಬಿಕ್ಕು ನಂದಲ್ಲ."

"ಹೌದು. ನಿಂದು ಜಾಸ್ತಿ ಆಯ್ತು ಅಂದ್ರು."

ಆ ಕಡೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು. ಯಾವುದೋ ಬಾಗಿಲು ಕಿರ್ ಎಂದಿತು. ಅವಳ ಉಸಿರು ಒಂದು ಕ್ಷಣ ನಿಂತದ್ದು ಅವನಿಗೆ ಕೇಳಿಸಿತು. ಸದ್ದುಗಳ ಕೆಲಸ ಮಾಡುವವನಿಗೆ ಇಂಥವು ಚೆನ್ನಾಗಿ ಕೇಳಿಸುತ್ತವೆ.

"ಹಾಗಿದ್ರೆ ಯಾಕೋ ಹೇಳ್ದೆ?" ಎಂದಳು. ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.

ಅಮ್ಮನಿಗೆ ಕೊಟ್ಟ ಮಾತನ್ನು ಅವನು ಮುರಿದಿದ್ದ.