ವಿಂಥರನ ಬಲಗೈ

ಎಸ್ಕಿಲ್ಡ್ ವಿಂಥರನ ಬಲಗೈ ಸುಮ್ಮನಿದ್ದುದನ್ನು ನಾನು ಒಮ್ಮೆಯೂ ಕಂಡವನಲ್ಲ. ಕಾಫಿಯ ಮುಂದೆ ಕೂತರೆ ಬಟ್ಟಲಿನಲ್ಲಿ ಚಮಚ ತಿರುಗುತ್ತಿತ್ತು, ಚರ್ಚಿನಲ್ಲಿ ಕೂತರೆ ಮೊಣಕಾಲಿನ ಮೇಲೆ ಹ್ಯಾಟು ತಿರುಗುತ್ತಿತ್ತು, ಏನೂ ಸಿಗದ ಹೊತ್ತಿನಲ್ಲಿ ಬರಿಗೈಯೇ ಗಾಳಿಯಲ್ಲಿ ಯಾರಿಗೂ ಕಾಣದ ಹಿಡಿಕೆಯೊಂದನ್ನು ತಿರುಗಿಸುತ್ತಿತ್ತು. ವೇಗ ಮಾತ್ರ ಎಂದೆಂದೂ ಒಂದೇ. ನಮ್ಮೂರು ಸ್ವೆನ್‌ಬೋರ್ಗಿನ ಬಂದರು ಬೀದಿಯಲ್ಲಿ ಅವನು ಬರುತ್ತಿದ್ದರೆ ಮೊದಲು ಆ ಕೈ ಕಾಣಿಸುತ್ತಿತ್ತು, ಆಮೇಲೆ ಮೊಣಕಾಲು ಮುಟ್ಟುವ ಕಂದು ಕೋಟು, ಕಟ್ಟಕಡೆಗೆ ಮನುಷ್ಯ.

ಆ ಕೋಟಿನ ಬಲಜೇಬಿನಲ್ಲಿ ಸ್ಕ್ರೂಗಳು, ಎಡಜೇಬಿನಲ್ಲಿ ಉಪ್ಪು ಬೆರೆಸಿದ ಜ್ಯೇಷ್ಠಮಧುವಿನ ಕಪ್ಪು ಮಿಠಾಯಿ. ಯಾವುದು ಯಾವ ಕಡೆಯದೆಂದು ಊರಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ನೆನಪಿರುತ್ತಿರಲಿಲ್ಲ. ಒಮ್ಮೆ ಪಾದ್ರಿಯವರ ಹೆಂಡತಿ, ಕೊಟ್ಟದ್ದನ್ನು ಬೇಡವೆನ್ನಬಾರದೆಂಬ ದಾಕ್ಷಿಣ್ಯಕ್ಕೆ ಸಿಕ್ಕಿ, ಬೀದಿಯ ಕೊನೆಯವರೆಗೂ ಒಂದು ಸ್ಕ್ರೂವನ್ನು ಬಾಯಲ್ಲಿಟ್ಟುಕೊಂಡೇ ನಡೆದರಂತೆ.

ಹೆರಿಂಗ್ ಮೀನಿನ ಮುಳ್ಳು ಬಿಡಿಸುವ ಯಂತ್ರ, ಬಿರುಗಾಳಿಗೂ ಆರದ ಹಡಗಿನ ದೀಪ, ಬೆಣ್ಣೆಯನ್ನು ಅಳೆದು ಕಾಗದದಲ್ಲಿ ಸುತ್ತಿಡುವ ಪೆಟ್ಟಿಗೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೀಗೆ ಅವನ ತಲೆಯಿಂದ ಹುಟ್ಟಿದ್ದಕ್ಕೆ ಲೆಕ್ಕವಿಲ್ಲ. ಆ ಬಾಗಿಲು ಅವನ ಹೆಂಡತಿ ಬೋಡಿಲಳನ್ನು ಅರ್ಧ ದಿನ ಕೋಳಿಗೂಡಿನಲ್ಲಿ ಕೂಡಿಹಾಕಿತ್ತು. ಹೊರಬಂದವಳು ತಲೆಯಿಂದ ಪುಕ್ಕ ಕೊಡವುತ್ತ ನನಗೆ ಹೇಳಿದಳು: "ಮೇಷ್ಟ್ರೇ, ಈ ಮನೇಲಿ ಎಲ್ಲಾ ತಾನಾಗೇ ಆಗತ್ತೆ. ಇವರ ಬಾಯಿಂದ ಒಂದು ಒಳ್ಳೇ ಮಾತು ಬರೋದು ಬಿಟ್ಟು!"

ನಾನು ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಶಾಲೆಯಲ್ಲಿ ಪಾಠ ಹೇಳುವವನು. ಶನಿವಾರ ಮಾತ್ರ, ಪಾದ್ರಿಯವರ ಕಣ್ಣು ತಪ್ಪಿಸಿ, ಬಂದರಿನ ಹೋಟೆಲಿನ ಸಭಾಂಗಣದಲ್ಲಿ ವಿಂಥರನ ಚಲಿಸುವ ಚಿತ್ರಗಳಿಗೆ ಪಿಯಾನೋ ಬಾರಿಸುವವನು. ಚಲನಚಿತ್ರ ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅದು. ತೆರೆ ಮಿಣುಕಿ ಮಿಣುಕಿ ನೋಡುವವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಫಿಲ್ಮಿನ ಸುರುಳಿ ನಡುವೆಯೇ ಪಟಾರನೆ ಹರಿಯುತ್ತಿತ್ತು. ಮಿಣುಕನ್ನು ತಗ್ಗಿಸುವ ರೆಕ್ಕೆಯನ್ನೂ, ಸುರುಳಿಗೆ ಉಸಿರಾಡಲು ಎಡೆ ಕೊಡುವ ಸಡಿಲ ಕುಣಿಕೆಯನ್ನೂ ನಮ್ಮ ವಿಂಥರ್ ತನ್ನ ಹಿತ್ತಲಿನ ಕೊಟ್ಟಿಗೆಯಲ್ಲಿ ಕೂತು ಮಾಡಿದ. ಕೋಪನ್‌ಹೇಗನ್ನಿನಿಂದ, ಹ್ಯಾಂಬರ್ಗಿನಿಂದ ದೊಡ್ಡ ದೊಡ್ಡ ಮೀಸೆಗಳು ಬಂದು, ಆ ಕೊಟ್ಟಿಗೆಯಲ್ಲಿ ಬಗ್ಗಿ ನಿಂತು ನೋಡಿ ಕಲಿತು ಹೋದವು.

ಆದರೆ ಅವನಿಗೆ ಹೆಮ್ಮೆ ಇದ್ದದ್ದು ಯಂತ್ರದ ಮೇಲಲ್ಲ, ಕೈಯ ಮೇಲೆ. ಕ್ಯಾಮೆರಾದ ಹಿಡಿಕೆಯನ್ನು ಆಗ ಕೈಯಿಂದಲೇ ತಿರುಗಿಸಬೇಕಿತ್ತು. ತೆಗೆಯುವಾಗ ಕೈ ಓಡಿದರೆ ತೆರೆಯ ಮೇಲೆ ಜನ ತೆವಳುತ್ತಾರೆ, ಕೈ ತೆವಳಿದರೆ ಜನ ಓಡುತ್ತಾರೆ. ವೇಗ ತಪ್ಪದಿರಲೆಂದು ಆ ಕಸುಬಿನವರೆಲ್ಲ ಬಾಯೊಳಗೇ ಒಂದೊಂದು ಹಾಡು ಗುನುಗುತ್ತಿದ್ದರು. ಇವನದು ಸುಗ್ಗಿಯ ಪ್ರಾರ್ಥನೆಗೆ ನಾನು ನುಡಿಸುವ ಒಂದು ಭಕ್ತಿಗೀತೆ. ಶ್ರುತಿಗೂ ಅವನಿಗೂ ಎಣ್ಣೆ ಸೀಗೆಕಾಯಿ, ತಾಳ ಮಾತ್ರ ಅಚ್ಚುಕಟ್ಟು. "ನನ್ನ ಕೈ ಗಡಿಯಾರ ಕಣ್ರೀ ಮೇಷ್ಟ್ರೇ," ಎನ್ನುತ್ತಿದ್ದ. "ನಿಮ್ಮ ಚರ್ಚಿನ ಗಡಿಯಾರ ಬೇಕಾದ್ರೆ ತಪ್ಪೀತು." ತೆಗೆದ ಚಿತ್ರವನ್ನು ಜನಕ್ಕೆ ತೋರಿಸುವ ಮೊದಲು ತಾನೊಮ್ಮೆ ಓಡಿಸಿ ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ತನ್ನ ಕೈಯನ್ನು ತಾನೇ ಅನುಮಾನಿಸುವುದೆ? ಛೆ!

ಆ ಗುನುಗು ಕೇಳಿಯೇ ಬೆಳೆದವಳು ಅವನ ಒಬ್ಬಳೇ ಮಗಳು ಥೋರಾ. ಹರಿದ ಸುರುಳಿಗಳನ್ನು ಅಂಟಿಸುತ್ತ ಅಪ್ಪನ ಪಕ್ಕದಲ್ಲೇ ದೊಡ್ಡವಳಾದ ಈ ಹುಡುಗಿ ಮನಸ್ಸು ಕೊಟ್ಟದ್ದು, ಅಯ್ಯೋ ವಿಧಿಯೇ, ಚೌಕದ ಫೋಟೋಗ್ರಾಫರ್ ಲಾರಿಟ್ಸ್ ಬ್ರೋಕನಿಗೆ; ಅಲ್ಲಾಡದ ಚಿತ್ರ ತೆಗೆಯುವವನಿಗೆ. ಹೆಣ್ಣು ಕೇಳಲು ಬಂದ ದಿನ ಅವನ ನಾಲಿಗೆಯೂ ಸುಮ್ಮನಿರಲಿಲ್ಲ. "ಯಜಮಾನ್ರೇ, ಒಂದು ಗಳಿಗೆ ನೆಟ್ಟಗೆ ಕೂರಕ್ಕೆ ಬರದೇ ಇರೋದು ಚಿತ್ರ ಅಲ್ಲ, ಮುದ್ದು ಮಾಡಿ ಕೆಡಿಸಿದ ಮಗು," ಎಂದುಬಿಟ್ಟ. ವಿಂಥರ್ ಬಾಗಿಲು ತೋರಿಸಿದ. "ಅಲ್ಲಾಡದೇ ಇರೋರೇ ಬೇಕಾದ್ರೆ ಸ್ಮಶಾನಕ್ಕೆ ಹೋಗಪ್ಪಾ. ನನ್ನ ಮಗಳಿಗೆ ಇನ್ನೂ ಜೀವ ಇದೆ!"

"ನಾನೂ ನಿನ್ನ ಮಗಳೇ ಅಪ್ಪಾ," ಎಂದಳು ಥೋರಾ. "ತಿರುಗೋ ದಿಕ್ಕು ಬದಲಾಯಿಸೋಳಲ್ಲ." ಅಂದೇ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ವಸಂತವೆಲ್ಲ ಕಳೆದರೂ ಅಪ್ಪ ಮಗಳ ನಡುವೆ ಒಂದು ಮಾತಿಲ್ಲ. ಸುರುಳಿ ಅಂಟಿಸುವ ಮೇಜಿನ ಮುಂದೆ ಅವಳ ಸ್ಟೂಲು ಇದ್ದಲ್ಲೇ ಇತ್ತು. ಅದರ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ ಎಂಬುದನ್ನು ನಾನು ಬಲ್ಲೆ.

ಮದುವೆಯ ದಿನ ನಮ್ಮಲ್ಲಿ ಬೀದಿಯ ಮನೆಮನೆಗೂ ಬಾವುಟ ಏರುತ್ತದೆ. ಥೋರಾಳ ಮದುವೆಯಂದೂ ಏರಿತು, ವಿಂಥರನ ಕಂಬವೊಂದೇ ಬೋಳಾಗಿತ್ತು. ಚರ್ಚಿಗೆ ಬೋಡಿಲ್ ಒಬ್ಬಳೇ ಬಂದಳು. ಎಲ್ಲ ಮುಗಿದು ಗಂಡುಹೆಣ್ಣು ಮೆಟ್ಟಿಲಿಳಿಯುವಾಗ ನೋಡುತ್ತೇನೆ, ಎದುರಿನ ಕಬ್ಬಿಣದಂಗಡಿಯ ಜಗಲಿಯ ಮೇಲೆ ಮೂರು ಕಾಲಿನ ಕ್ಯಾಮೆರಾ, ಅದರ ಹಿಂದೆ ಆ ಕಂದು ಕೋಟು, ತಿರುಗುತ್ತಿರುವ ಆ ಕೈ! ಥೋರಾ ಗಕ್ಕನೆ ನಿಂತಳು. ಅವನು ತಲೆ ಎತ್ತಲಿಲ್ಲ. ತೆಗೆಯುವುದನ್ನು ತೆಗೆದು, ಕ್ಯಾಮೆರಾ ಹೆಗಲಿಗೇರಿಸಿ ನಡೆದೇಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಮಗಳ ಮದುವೆಯೂ ಇವನಿಗೊಂದು ಪ್ರದರ್ಶನದ ಸರಕೇ ಎಂದುಕೊಂಡೆ.

ಮುಂದಿನ ಶನಿವಾರ ಅದನ್ನು ತೋರಿಸುತ್ತಾನೆಂದು ಊರಿಗೆ ಊರೇ ಹೋಟೆಲಿನಲ್ಲಿ ನೆರೆಯಿತು. ಬೋಡಿಲಳ ಬಲವಂತಕ್ಕೆ ಹೊಸ ಜೋಡಿಯೂ ಬಂದು ಹಿಂದಿನ ಸಾಲಿನಲ್ಲಿ ಕೂತಿತು. ವಿಂಥರ್ ತಾನೇ ಯಂತ್ರದ ಬಳಿ ನಿಂತು, ಭಕ್ತಿಗೀತೆ ಗುನುಗುತ್ತ, ಎಂದಿನ ವೇಗದಲ್ಲಿ ಹಿಡಿಕೆ ತಿರುಗಿಸಿದ. ಚರ್ಚಿನ ಬಾಗಿಲು ತೆರೆಯಿತು. ಥೋರಾ ಹೊರಬಂದಳು. ಬಂದಳು ಎನ್ನುವುದಕ್ಕಿಂತ ಬರುತ್ತಲೇ ಇದ್ದಳು. ಒಂದು ಮೆಟ್ಟಿಲಿಳಿಯಲು ಅವಳ ಪಾದಕ್ಕೆ ಒಂದು ಯುಗ ಬೇಕಾಯಿತು, ಎರಚಿದ ಅಕ್ಕಿಕಾಳು ನೆಲ ಮುಟ್ಟಲೊಲ್ಲದೆ ತೇಲಿದವು, ಲಾರಿಟ್ಸ್ ಎತ್ತಿದ ಹ್ಯಾಟು ಎತ್ತಿದಂತೆಯೇ ಉಳಿಯಿತು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಏನಯ್ಯಾ ವಿಂಥರ್, ಮದುಮಗಳ ಬೂಟಿಗೆ ಅಂಟು ಬಳಿದಿದ್ಯಾ?" ಎಂದು ಮುಂದಿನ ಸಾಲಿನಿಂದ ಒಬ್ಬ ಕೂಗಿದ.

ನಾನು ತಿರುಗಿ ನೋಡಿದೆ. ಯಂತ್ರದ ಬೆಳಕಿನಲ್ಲಿ ಅವನ ಮುಖ ಬಿಳಿಚಿಹೋಗಿತ್ತು. ಆ ಜಗಲಿಯ ಮೇಲೆ, ಜನ್ಮದಲ್ಲಿ ಮೊದಲ ಸಲ, ಅವನ ಕೈ ತಾಳ ತಪ್ಪಿ ಓಡಿತ್ತು. ಅದು ಓಡಿದ್ದು ಅವನಿಗೇ ತಿಳಿದಿರಲಿಲ್ಲ. ಈಗ ತಪ್ಪನ್ನು ಮುಚ್ಚಿಹಾಕುವ ದಾರಿ ಒಂದೇ: ತೋರಿಸುವ ಯಂತ್ರವನ್ನೂ ಅಷ್ಟೇ ಜೋರಾಗಿ ತಿರುಗಿಸುವುದು. ತಿರುಗಿಸತೊಡಗಿದ. ತೆರೆಯ ಮೇಲೆ ಥೋರಾ ಎಲ್ಲರಂತೆ ನಡೆಯತೊಡಗಿದಳು.

"ಅಪ್ಪಾ!"

ಹಿಂದಿನ ಸಾಲಿನಲ್ಲಿ ಥೋರಾ ಎದ್ದು ನಿಂತಿದ್ದಳು. "ಜೋರು ಮಾಡ್ಬೇಡ ಅಪ್ಪಾ. ನೀನು ನನ್ನ ಹೇಗೆ ನೋಡಿದ್ಯೋ ಹಾಗೇ ತೋರ್ಸು."

ನಗು ನಿಂತಿತು. ಒಡೆದ ದನಿಯಲ್ಲಿ ಗುನುಗು ಮತ್ತೆ ಶುರುವಾಯಿತು. ಹಿಡಿಕೆ ನಿಧಾನವಾಯಿತು, ನನ್ನ ಪಿಯಾನೋವೂ ನಿಧಾನವಾಯಿತು. ಮಗಳು ತೆರೆಯ ಮೇಲೆ, ಹೋಗಲಾರದೆ ಹೋಗುವವಳಂತೆ, ಮೆಟ್ಟಿಲಿಳಿದಳು. ಬೋಡಿಲ್ ಬಿಕ್ಕುತ್ತಿದ್ದಳು, ನನಗೂ ಕಣ್ಣು ಮಂಜಾಗಿ ಕೈ ಎಲ್ಲೆಲ್ಲೋ ಬಿತ್ತು.

"ಮಾವ," ಎಂದ ಲಾರಿಟ್ಸ್ ಕತ್ತಲಲ್ಲಿ, "ಇನ್ನೊಂಚೂರು ನಿಧಾನ ಮಾಡಿದ್ರೆ ಅದು ನನ್ನ ಚಿತ್ರಾನೇ ಆಗತ್ತೆ."

"ಬಾಯಿ ಮುಚ್ಕೊಂಡು ಕೂತ್ಕೋ, ಅಳಿಯಾ!"

ಮರುದಿನ ಯಾರ ಮದುವೆಯೂ ಇರಲಿಲ್ಲ, ಯಾರ ಹುಟ್ಟುಹಬ್ಬವೂ ಇರಲಿಲ್ಲ. ವಿಂಥರನ ಕಂಬದಲ್ಲಿ ಬಾವುಟ ಹಾರುತ್ತಿತ್ತು.

ಕೈ ಹೇಗೆ ತಿರುಗಿದರೂ ಕ್ಯಾಮೆರಾದ ವೇಗ ತಪ್ಪದಂತೆ ಹಿಡಿದಿಡುವ ಉಪಕರಣವೊಂದನ್ನು ಅವನು ಆ ವರ್ಷವೇ ಮಾಡಿದ. ದೊಡ್ಡ ಮೀಸೆಗಳು ಮುಗಿಬಿದ್ದು ಕೊಂಡುಹೋದವು. ತನ್ನ ಕ್ಯಾಮೆರಾಕ್ಕೆ ಮಾತ್ರ ಅದನ್ನು ಕೊನೆಯವರೆಗೂ ಜೋಡಿಸಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನನ್ನ ಅಂಗೈಗೆ ಒಂದು ಸ್ಕ್ರೂ ಇಟ್ಟು, "ಮಿಠಾಯಿ ತಗೊಳ್ಳಿ ಮೇಷ್ಟ್ರೇ. ಆ ಉಪಕರಣ ಬೇರೆಯವರ ಮಕ್ಕಳ ಚಿತ್ರ ತೆಗೆಯೋರಿಗೆ," ಎಂದ.

ಲೋಕಕ್ಕೆ ಯಂತ್ರಗಳನ್ನು ಕೊಟ್ಟುಹೋಗುವ ಈ ಜಾತಿಯ ಜನರನ್ನು ನಾವು ಅವರು ಸರಿಯಾಗಿ ಮಾಡಿದ ಕೆಲಸಗಳಿಂದಲೇ ಅಳೆಯುತ್ತೇವೆ, ಹೊಗಳುತ್ತೇವೆ, ಮನೆಯವರ ಪಾಲಿಗೆ ಕಲ್ಲೆಂದು ಒಳಗೊಳಗೇ ಬೈಯುತ್ತೇವೆ. ಆದರೆ ಅವರ ಮಮತೆ ಅವರ ನಾಲಿಗೆಗೆ ಬರುವುದಿಲ್ಲ, ಸರಿಯಾದ ಕೆಲಸದಲ್ಲಿಯೂ ಇರುವುದಿಲ್ಲ. ಎಂದೂ ತಪ್ಪದ ಕೈ ಯಾರ ಮುಂದೆ ತಪ್ಪಿತು ಎಂದು ನೋಡಬೇಕು, ಅದು ಅಲ್ಲಿರುತ್ತದೆ.